ಮುನ್ನೂರ ಹನ್ನೆರಡನೇ ಕವರು

ಹೆಣವನ್ನು ಮೊದಲು ಕಂಡವಳು ರಾಮಕ್ಕ.

2007ರ ಜೂನ್ ತಿಂಗಳ ಕೊನೆಯ ಮಂಗಳವಾರ, ಬೆಳಗ್ಗೆ ಎಂಟೂವರೆ. ರಾಜಾಜಿನಗರದ ಅಡ್ಡರಸ್ತೆಯೊಂದರಲ್ಲಿ ಬೋರ್ಡಿನ ಬಣ್ಣ ಉದುರಿದ ಹಳೆಯ ಫೋಟೋ ಸ್ಟುಡಿಯೋ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಕೆಂಗೇರಿಯ ಆಚೆಯಿಂದ ಎರಡು ಬಸ್ಸು ಹತ್ತಿಳಿದು ಬಂದ ರಾಮಕ್ಕ ಬಾಗಿಲು ತಟ್ಟಿದಳು. ಯಾರೂ ಓಗೊಡಲಿಲ್ಲ. ತಳ್ಳಿದಳು, ತೆರೆದುಕೊಂಡಿತು. ಒಳಕೋಣೆಯಲ್ಲಿ ಸ್ಟುಡಿಯೋದ ಯಜಮಾನರಾದ ಲಕ್ಷ್ಮೀಪತಿಯವರು ಅಂಗಾತ ಬಿದ್ದಿದ್ದರು. ಎಪ್ಪತ್ತನಾಲ್ಕು ವರ್ಷದ ಬಡಕಲು ಜೀವ. ತಲೆ ಕಡಪಾ ಕಲ್ಲಿನ ಕಟ್ಟೆಯ ಬುಡದಲ್ಲಿತ್ತು. ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಪಕ್ಕದಲ್ಲಿ ಎರಡು ಹೋಳಾದ ಒಂದು ಗಾಜು ಬಿದ್ದಿತ್ತು.

ಠಾಣೆಯಿಂದ ಬಂದವನು ಎ.ಎಸ್.ಐ. ಏಕಾಂತಯ್ಯ. ಬಿಜಾಪುರದ ಕಡೆಯವನು. ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ನಾಲಿಗೆ ಇನ್ನೂ ಊರು ಬಿಟ್ಟಿರಲಿಲ್ಲ. ಜೊತೆಗೆ ಕಾನ್‌ಸ್ಟೇಬಲ್ ಚೇತನಾ, ಲಗ್ಗೆರೆಯ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು.

ಇನ್ಸ್‌ಪೆಕ್ಟರ್ ಫೋನಿನಲ್ಲೇ ಕೇಸು ಮುಗಿಸಲು ನೋಡಿದರು. "ವಯಸ್ಸಾದೋರು, ಜಾರಿ ಬಿದ್ದಿರ್ತಾರೆ ಕಣ್ರೀ. ಮಹಜರು ಬರ್ಕೊಂಡು ಬನ್ನಿ."

"ಅಂಗಿ ಗುಂಡಿ ಎರಡು ಕಿತ್ತಾವ್ರಿ ಸರ್, ಬಟ್ಟಿ ಸಮೇತ. ಜಾರಿ ಬೀಳೋವ್ರ ಎದಿ ಮ್ಯಾಲ ಯಾರು ಕೈ ಹಾಕ್ತಾರ್ರಿ?"

ಸರಿ, ವಿಚಾರಿಸಿ ನೋಡಿ ಎಂದು ಇನ್ಸ್‌ಪೆಕ್ಟರ್ ಫೋನಿಟ್ಟರು.

ಕೋಣೆಯ ಮೂರು ಗೋಡೆಗೂ ಕಬ್ಬಿಣದ ರ‍್ಯಾಕು. ರ‍್ಯಾಕಿನ ತುಂಬ ಗಾಜಿನ ನೆಗೆಟಿವ್‌ಗಳು. ಫಿಲ್ಮ್ ಬಳಕೆಗೆ ಬರುವ ಮುಂಚೆ ಫೋಟೋ ಹಿಡಿಯುತ್ತಿದ್ದದ್ದು ಗಾಜಿನ ಮೇಲೆ. ಒಂದೊಂದು ಗಾಜಿಗೂ ಒಂದೊಂದು ಖಾಕಿ ಕಾಗದದ ಕವರು. ಕವರಿನ ಮೇಲೆ ಲಕ್ಷ್ಮೀಪತಿಯವರ ತಂದೆಯ ದುಂಡು ಅಕ್ಷರದಲ್ಲಿ ಊರು, ಸಂದರ್ಭ, ಇಂಗ್ಲಿಷ್ ತಾರೀಖು. ಮೂಲೆಯಲ್ಲಿ ಲಕ್ಷ್ಮೀಪತಿಯವರು ಈಚೆಗೆ ಕೆಂಪು ಪೆನ್ಸಿಲಿನಲ್ಲಿ ಹಾಕಿದ ನಂಬರು. ಸ್ಟುಡಿಯೋದ ಹಳೇ ರಿಜಿಸ್ಟರನ್ನು ಗೆದ್ದಲು ತಿಂದು ಇಪ್ಪತ್ತು ವರ್ಷವಾಗಿತ್ತು. ಉಳಿದ ದಾಖಲೆ ಎಂದರೆ ಆ ಕವರುಗಳು ಮಾತ್ರ. ಹೆಂಡತಿ ತೀರಿಕೊಂಡ ಮೇಲೆ ಮುದುಕರು ಮಾಡುತ್ತಿದ್ದ ಕೆಲಸವೂ ಅದೊಂದೇ. ಲೇಔಟುಗಳು ನುಂಗಿ ನೀರು ಕುಡಿದ ಹಳ್ಳಿಗಳನ್ನು ಒಂದೊಂದಾಗಿ ಹುಡುಕಿ, ಒರೆಸಿ, ನಂಬರು ಹಾಕಿ ಜೋಡಿಸುತ್ತಿದ್ದರು. ಎಷ್ಟೋ ಕೆರೆ, ಎಷ್ಟೋ ಗುಂಡುತೋಪು ಆ ರ‍್ಯಾಕುಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ.

ಚೇತನಾ ಒಡೆದ ಗಾಜಿನ ಹೋಳುಗಳನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. "ಸರ್, ಒಂದು ಕಲ್ಲು ಇದೆ. ಸುತ್ತ ಜನ."

ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ರಾಮಕ್ಕ ತಲೆಯೆತ್ತಿದಳು. "ಅದು ನಮ್ ಕಲ್ಲು ಸಾರ್."

* * *

ರಾಮಕ್ಕನಿಗೆ ಅರವತ್ತೆಂಟು. ಊರು ಹುಣಸೇಕಟ್ಟೆಪಾಳ್ಯ. ಕೆಂಗೇರಿ ಬೆಳೆಯುತ್ತ ಬೆಳೆಯುತ್ತ ಆ ಊರನ್ನು ಬಾಯಿಗೆ ಹಾಕಿಕೊಂಡು ಹತ್ತು ವರ್ಷವಾಗಿತ್ತು. ಊರ ಕಾವಲಿನ ತಳವಾರರ ಮನೆತನ ಅವಳದು. ಆ ಮನೆತನದವರು ಸತ್ತವರನ್ನು ಮಣ್ಣು ಮಾಡುತ್ತಿದ್ದದ್ದು ಊರಾಚೆಯ ಇಪ್ಪತ್ತೆರಡು ಗುಂಟೆಯಲ್ಲಿ. ಜಾಗದ ಮೂಲೆಯಲ್ಲೊಂದು ವೀರಗಲ್ಲು: ಕತ್ತಿ ಹಿಡಿದ ಗಂಡಸು, ಅವನ ಹಿಂದೆ ಹಸುಗಳು. ಊರ ದನ ಉಳಿಸಲು ಹೋಗಿ ಸತ್ತ ಹಿರಿಯನ ಕಲ್ಲು ಎಂದು ಅವರು ಎಡೆ ಇಡುತ್ತಿದ್ದರು.

ಈಗ ಆ ಇಪ್ಪತ್ತೆರಡು ಗುಂಟೆ ತನ್ನದು ಎನ್ನುತ್ತಿದ್ದವನು ಅದೇ ಊರಿನ ಮುತ್ತುರಾಜ. ಅಲ್ಲಿ ಕಲ್ಯಾಣ ಮಂಟಪ ಎಬ್ಬಿಸುವ ಆಸೆ ಅವನಿಗೆ. ಅವನ ತಾತ 1949ರಲ್ಲಿ ಆ ಸರ್ವೆ ನಂಬರ್ ಪೂರ್ತಿ ಕೊಂಡ ಪತ್ರವಿತ್ತು. ಪತ್ರದಲ್ಲಿ ಬರೀ ಹೊಲ ಎಂದಿತ್ತು, ಸಮಾಧಿಯ ಮಾತಿರಲಿಲ್ಲ. ಕಲ್ಲನ್ನು ಆಮೇಲೆ ಎಲ್ಲಿಂದಲೋ ತಂದು ನೆಟ್ಟರು, ಹೆಣಗಳೂ ಆಮೇಲಿನವೇ ಎಂದು ಅವನ ವಾದ. ಅಲ್ಲ ಎಂದು ತೋರಿಸಲು ರಾಮಕ್ಕನ ಬಳಿ ಇದ್ದದ್ದು ಒಂದೇ ಒಂದು ಫೋಟೋ. ಬಿದ್ದುಹೋಗಿದ್ದ ಕಲ್ಲಿಗೆ ಕಟ್ಟೆ ಕಟ್ಟಿ ಮತ್ತೆ ನಿಲ್ಲಿಸಿದ ದಿನ ತೆಗೆಸಿದ್ದು. ನಡುವೆ ಕಲ್ಲು, ಸುತ್ತ ಜನ, ಹಿಂದೆ ಸಾಲು ಸಮಾಧಿಗಳು. ಆ ಫೋಟೋ ಈಗ ತಹಶೀಲ್ದಾರರ ಫೈಲಿನಲ್ಲಿತ್ತು. ಜುಲೈ ಇಪ್ಪತ್ತಾರಕ್ಕೆ ತೀರ್ಮಾನ.

"ಫೋಟೋ ನಿಂತ್ರೆ ಜಾಗ ನಿಲ್ತದೆ ಸಾರ್. ನನ್ ಗಂಡ, ನನ್ ಮಗಳು ಇಬ್ರೂ ಅಲ್ಲೇ ಅವ್ರೆ," ಅಂದಳು ರಾಮಕ್ಕ.

"ಇವತ್ತು ಇಲ್ಲಿಗ್ಯಾಕ ಬಂದ್ರಿ?"

"ನಿನ್ನೆ ನಾಲ್ಕು ಗಂಟೇಲಿ ನಮ್ ಬೀದಿ ಅಂಗಡಿ ಫೋನ್‌ಗೆ ಮಾಡಿದ್ರು ಸಾರ್. ನಿಮ್ ಕಲ್ಲಿನ ಗಾಜು ಸಿಕ್ತು ರಾಮಕ್ಕ, ಕವರ್ ಮೇಲೆ ತಾರೀಖೂ ಐತೆ, ಬೆಳಗ್ಗೆ ಬಾ ಅಂದ್ರು."

"ಯಾವ ತಾರೀಖು?"

"ನಾನು ಕೇಳ್ಲಿಲ್ಲ. ನಮ್ಮತ್ರ ಆಗ್ಲೇ ತಾರೀಖು ಇತ್ತಲ್ಲ, ಫೋಟೋ ಹಿಂದೆ."

* * *

ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಕೇಳುವುದಕ್ಕೇ ಕಾಯುತ್ತಿದ್ದರು. "ಐದೂವರೆಗೆ ಬಿಳೀ ಸ್ಕಾರ್ಪಿಯೋ ಬಂದು ನಿಂತಿತ್ತು. ಆಮೇಲೆ ನಾನು ಏಳು ಗಂಟೆ ಸೀರಿಯಲ್ ಹಾಕ್ದಾಗ ಒಳಗೆ ಜೋರು ಮಾತು. ಲಕ್ಷ್ಮೀಪತಿಗಳು ಯಾರಿಗೋ ಅಧಿಕಪ್ರಸಂಗಿ ಅಂತ ಬೈತಾ ಇದ್ರು. ಯಾವತ್ತೂ ಯಾರಿಗೂ ಒಂದು ಮಾತು ಅಂದೋರಲ್ಲ, ಪಾಪ."

"ಆಗ ಸ್ಕಾರ್ಪಿಯೋ ಇತ್ತೇನ್ರಿ?"

"ಅದನ್ನ ನೋಡ್ಲಿಲ್ಲ. ಸೀರಿಯಲ್ ಬಿಟ್ಟು ಎದ್ದು ಹೋಗಕ್ಕಾಗತ್ತಾ?"

ಸ್ಕಾರ್ಪಿಯೋ ಮುತ್ತುರಾಜನದ್ದು. ಅಧಿಕಪ್ರಸಂಗಿ ಎಂದು ದೊಡ್ಡವರು ಬೈಯುವುದು ಚಿಕ್ಕವರಿಗೆ. ಮುತ್ತುರಾಜನಿಗೆ ಮೂವತ್ತೊಂದು. ಇನ್ನೇನು ಬೇಕು?

ಕೆಂಗೇರಿಯ ತನ್ನ ಆಫೀಸಿನಲ್ಲಿ ಮುತ್ತುರಾಜ ಏನನ್ನೂ ಮುಚ್ಚಿಡಲಿಲ್ಲ. "ಹೋಗಿದ್ದೆ ಸಾರ್. ಕಲ್ಲಿನ ಗಾಜು ಸಿಕ್ತಾ ಅಂದೆ. ಇವತ್ತೇ ಸಿಕ್ತು ಅಂದ್ರು. ಸುಳ್ಳು ಹೇಳಕ್ಕೂ ಬರ್ದಿರೋ ಮನುಷ್ಯ. ಕೊಡಿ, ನೀವು ಕೇಳಿದಷ್ಟು ಕೊಡ್ತೀನಿ ಅಂದೆ. ಕಾಫಿ ಕೊಟ್ರು, ಗಾಜು ಕೊಡ್ಲಿಲ್ಲ. ಆರು ಗಂಟೆಗೆ ಎದ್ದು ಬಂದೆ."

"ಏಳಕ್ಕ ಎಲ್ಲಿದ್ರಿ?"

"ದೇವಸ್ಥಾನದ ಸಮಿತಿ ಮೀಟಿಂಗು. ಹನ್ನೆರಡು ಜನ ಇದ್ರು, ಕೇಳಿ ನೋಡಿ."

"ಹನ್ನೆರಡೂ ಮಂದಿ ನಿಮ್ಮವ್ರೇ ಅಲ್ಲೇನು?"

"ಊರೇ ನಮ್ದು ಸಾರ್. ಸಾಕ್ಷಿಗೆ ಬೇರೆ ಊರಿಂದ ಜನ ತರ್ಲಾ?"

ಏಕಾಂತಯ್ಯನಿಗೆ ಆ ನಗು ಹಿಡಿಸಲಿಲ್ಲ. ಇವನೇ ಆಗಿದ್ದರೆ ಎಷ್ಟು ಚೆನ್ನ ಎಂದು ಅವನ ಮನಸ್ಸು ಬಾಯಿಬಿಟ್ಟೇ ಹೇಳುತ್ತಿತ್ತು. ಪೊಲೀಸಿನವನಿಗೆ ಅದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿಲ್ಲ.

* * *

ಬುಧವಾರ ಶ್ಯಾಮಸುಂದರ ಮೇಷ್ಟ್ರು ತಾವಾಗಿಯೇ ಠಾಣೆಗೆ ಬಂದರು. ಬಸವೇಶ್ವರನಗರದವರು, ಇತಿಹಾಸದ ನಿವೃತ್ತ ಅಧ್ಯಾಪಕರು. ಪಶ್ಚಿಮ ಬೆಂಗಳೂರಿನ ಶಾಸನ, ವೀರಗಲ್ಲು ಎಂದರೆ ಜನ ಬೆರಳು ತೋರಿಸುತ್ತಿದ್ದದ್ದು ಅವರ ಕಡೆಗೆ. ರಾಮಕ್ಕನ ಅರ್ಜಿ ಬರೆದುಕೊಟ್ಟವರು ಅವರೇ. ಅವಳ ಪರವಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕಿದವರೂ ಅವರೇ. ಆ ಫೋಟೋದ ಬಗ್ಗೆ ಒಂದು ಪುಸ್ತಿಕೆ ಅಚ್ಚು ಹಾಕಿಸಿ, ತಿಂಗಳ ಹಿಂದೆ ಶಾಲು ಹೊದೆಸಿಕೊಂಡು ಸನ್ಮಾನವೂ ಆಗಿತ್ತು.

"ನಮ್ಮ ಚರಿತ್ರೆಯ ಒಂದು ಕಣ್ಣೇ ಹೋಯ್ತು," ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ದುಡ್ಡಿರೋರ ಕೈ ಎಷ್ಟು ಉದ್ದ ನೋಡಿ."

"ನೀವು ಅವ್ರ ಕೂಡ ಕಡೀಗೆ ಮಾತಾಡಿದ್ದು ಯಾವಾಗ್ರಿ?"

"ಒಂದು ವಾರ ಆಯ್ತೇನೋ. ಇಲ್ಲ, ಹೆಚ್ಚೇ ಆಯ್ತು."

ಮೇಷ್ಟ್ರು ಫೋಟೋದ ಎರಡೂ ಬದಿಯ ಜೆರಾಕ್ಸ್ ಕೊಟ್ಟರು. ಹಿಂಬದಿಯಲ್ಲಿ ಮಾಸಿದ ಮಸಿಯ ಮೂರು ಸಾಲು: ‘ಸರ್ವಜಿತ್ ಸಂವತ್ಸರದ ಅಧಿಕ ಜ್ಯೇಷ್ಠ ಶುದ್ಧ ದಶಮಿ. ಹುಣಸೇಕಟ್ಟೆಪಾಳ್ಯದ ತಳವಾರರು ತಮ್ಮ ಹಿರೀಕರ ಸಮಾಧಿ ಸ್ಥಳದಲ್ಲಿ ಕಲ್ಲು ನಿಲ್ಲಿಸಿದ್ದು.’

"ಲಕ್ಷ್ಮೀಪತಿಯವರ ತಂದೆ ಬರೆದದ್ದು," ಅಂದರು ಮೇಷ್ಟ್ರು. "ಸರ್ವಜಿತ್ ಅಂದ್ರೆ 1947. ಸ್ವಾತಂತ್ರ್ಯ ಬಂದ ವರ್ಷ. ಮುತ್ತುರಾಜನ ತಾತ ಕೊಂಡಿದ್ದು ಎರಡು ವರ್ಷ ಆದ್ಮೇಲೆ. ಹಳೇ ಕಾಲದೋರು ತಿಥಿ ಬರೀತಿದ್ರು, ನಾವು ಇತಿಹಾಸದೋರು ಲೆಕ್ಕ ಹಾಕ್ಕೋಬೇಕು ಅಷ್ಟೆ. ನನಗಂತೂ ಈ ಪಂಚಾಂಗ, ರಾಹುಕಾಲ ಕಂಡ್ರೇ ಆಗಲ್ಲ. ಮೂವತ್ತು ವರ್ಷ ಹುಡುಗರಿಗೆ ಅದನ್ನ ಮುಟ್ಬೇಡಿ ಅಂತಲೇ ಪಾಠ ಮಾಡಿದೀನಿ."

ಏಕಾಂತಯ್ಯ ಆ ಮೂರು ಸಾಲನ್ನು ಎರಡು ಸಲ ಓದಿದ. ಏನೋ ಚುಚ್ಚಿತು. ಏನೆಂದು ತಕ್ಷಣ ಹೊಳೆಯಲಿಲ್ಲ.

* * *

ಗುರುವಾರ ಚೇತನಾ ಎರಡು ಸುದ್ದಿ ತಂದಳು.

"ಸರ್, ರ‍್ಯಾಕಲ್ಲಿರೋ ಕವರೆಲ್ಲ ಎಣಿಸ್ದೆ. ಒಂದರಿಂದ ಮುನ್ನೂರ ಹದಿನೆಂಟು. ಮುನ್ನೂರ ಹನ್ನೆರಡು ಇಲ್ಲ. ಒಡೆದಿರೋ ಗಾಜಿನ ಕವರೇ ಅದು. ಅಡುಗೆಮನೆ ಸ್ಟೌ ಮೇಲೆ ಸುಟ್ಟ ಖಾಕಿ ಕಾಗದದ ಬೂದಿ ಇದೆ."

"ಸುಟ್ಟಾನ. ಗಾಜು ಮಾತ್ರ ಬಿಟ್ಟು ಹೋಗ್ಯಾನ."

"ಕಲ್ಲೂ ಸಮಾಧೀನೂ ಇರೋದು ಗಾಜಲ್ಲಿ ಸರ್. ಮುತ್ತುರಾಜ ಆಗಿದ್ರೆ ಚೂರೂ ಬಿಡದೆ ಬಾಚ್ಕೊಂಡು ಹೋಗ್ತಿದ್ದ. ಹೋಗಿರೋದು ಬರೀ ತಾರೀಖು."

ಏಕಾಂತಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತ. ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಚಿತ್ರ ಉಳಿಯಲಿ, ತಾರೀಖು ಹೋಗಲಿ. ಹಾಗೆ ಬಯಸುವವನು ರಾಮಕ್ಕನ ಕಡೆಯವನೇ ಇರಬೇಕು. ಕವರಿನ ತಾರೀಖಿಗೂ ಫೋಟೋದ ಹಿಂದಿನ ತಾರೀಖಿಗೂ ತಾಳೆಯಾಗದಿದ್ದರೆ ಯಾರ ಮಾನ ಹೋಗುತ್ತದೋ, ಅವನು.

"ಎರಡನೇದು ಏನು?"

"ಲಕ್ಷ್ಮೀಪತಿಗಳ ಲ್ಯಾಂಡ್‌ಲೈನ್ ಲಿಸ್ಟು. ಸೋಮವಾರ ಎರಡೇ ಕಾಲ್. ನಾಲ್ಕು ಗಂಟೆಗೆ ರಾಮಕ್ಕನ ಬೀದಿ ಅಂಗಡಿಗೆ. ನಾಲ್ಕೂ ಹತ್ತಕ್ಕೆ ಬಸವೇಶ್ವರನಗರಕ್ಕೆ, ಆರು ನಿಮಿಷ. ಮೇಷ್ಟ್ರ ಮನೆ ನಂಬರು."

ಒಂದು ವಾರ ಮಾತಾಡಿಲ್ಲ ಅಂದಿದ್ದರು ಮೇಷ್ಟ್ರು.

ಏಕಾಂತಯ್ಯ ಮತ್ತೆ ಜೆರಾಕ್ಸ್ ತೆಗೆದ. ಅಧಿಕ ಜ್ಯೇಷ್ಠ. ಈ ಸಲ ಚುಚ್ಚಿದ್ದು ಎಲ್ಲಿ ಎಂದು ಗೊತ್ತಾಯಿತು. ಟೋಪಿ ಎತ್ತಿಕೊಂಡು ನೇರ ವೆಂಕಟಲಕ್ಷ್ಮಮ್ಮನ ಮನೆಗೆ ಹೋದ.

"ಅಮ್ಮಾರ, ನೆನಪು ಮಾಡ್ಕೊಂಡು ಹೇಳ್ರಿ. ಅಧಿಕಪ್ರಸಂಗಿ ಅಂತ ಪೂರ್ತಿ ಕೇಳ್ಸಿತೇನು?"

ಆಕೆ ಯೋಚಿಸಿದರು. "ಅಧಿಕ, ಅಧಿಕ ಅಂತ ಎರಡು ಸಲ ಕೇಳಿಸ್ತು. ಅಧಿಕ ಹೇಗಯ್ಯಾ ಬರತ್ತೆ ಅನ್ನೋ ಥರ. ಪ್ರಸಂಗಿ ಅಂತ... ಇಲ್ಲ. ಅದು ನಾನೇ ಸೇರಿಸ್ಕೊಂಡೆ ಅನ್ಸತ್ತೆ. ಅಧಿಕ ಅಂದ್ಮೇಲೆ ಇನ್ನೇನಿರತ್ತೆ ಹೇಳಿ."

* * *

ಬಸವೇಶ್ವರನಗರದ ಮನೆಯಲ್ಲಿ ಮೇಷ್ಟ್ರ ಜೊತೆ ರಾಮಕ್ಕನೂ ಇದ್ದಳು. ಮುಂದೇನು ಮಾಡುವುದೆಂದು ಕೇಳಲು ಬಂದು ನೆಲದ ಮೇಲೆ ಕೂತಿದ್ದಳು. ಅವಳು ಅಲ್ಲಿರಬಾರದಿತ್ತು ಎಂದು ಏಕಾಂತಯ್ಯನಿಗೆ ಅನ್ನಿಸಿತು. ಆದರೆ ಅವಳನ್ನೂ ಒಂದು ಮಾತು ಕೇಳಲೇಬೇಕಿತ್ತು.

"ರಾಮಕ್ಕ, ಫೋಟೋ ಮೇಷ್ಟ್ರ ಕೈಗೆ ಕೊಟ್ಟದ್ದು ಯಾವಾಗ?"

"ಶಿವರಾತ್ರೀಲಿ."

"ಆಗ ಹಿಂದ ಬರಹ ಇತ್ತೇನು?"

ರಾಮಕ್ಕ ಮೇಷ್ಟ್ರ ಮುಖ ನೋಡಿದಳು. "ಬರೀ ಗೋಂದಿನ ಕಲೆ ಇತ್ತು. ಮಸಿ ಮಾಸೋಗಿತ್ತಂತೆ. ಮೇಷ್ಟ್ರು ಔಷಧಿ ಹಾಕಿ ಎಬ್ಬಿಸಿದ್ರಂತೆ."

"ಅವಳಿಗೆ ಓದೋಕೆ ಬರಲ್ಲ," ಅಂದರು ಮೇಷ್ಟ್ರು.

"ಓದಕ್ಕೆ ಬರಲ್ಲ ಸಾರ್," ರಾಮಕ್ಕ ಏಕಾಂತಯ್ಯನಿಗೇ ಹೇಳಿದಳು. "ಅಕ್ಷರ ಇತ್ತೋ ಇರ್ಲಿಲ್ವೋ ಗೊತ್ತಾಗಲ್ವಾ?"

ಏಕಾಂತಯ್ಯ ಜೆರಾಕ್ಸನ್ನು ಟೀಪಾಯಿಯ ಮೇಲಿಟ್ಟ. "ಮೇಷ್ಟ್ರ, ನಮ್ಮಪ್ಪ ನಮ್ಮೂರಾಗ ಪಂಚಾಂಗ ಹೇಳ್ತಿದ್ದ. ನನಗೂ ಆ ಕಸುಬು ಬ್ಯಾಡಾಗಿ ಪೊಲೀಸ್ ಸೇರಿದೆ. ಆದ್ರ ಸಣ್ಣಾಂವ ಇದ್ದಾಗ ಕೇಳಿದ್ದು ಹೋಗೋದಿಲ್ಲ. ಸರ್ವಜಿತ್ ಅರವತ್ತು ವರ್ಷಕ್ಕೊಮ್ಮೆ ಬರ್ತದ. ನಲವತ್ತೇಳರಾಗ ಬಂದಿತ್ತು, ಈ ವರ್ಷ ಮತ್ತ ಬಂದದ. ಇಲ್ಲೀತನಕ ನಿಮ್ಮ ಲೆಕ್ಕ ಬರೋಬರಿ."

ಮೇಷ್ಟ್ರು ಜೆರಾಕ್ಸನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆದ್ರ ಸಂವತ್ಸರ ತಿರುಗಿ ಬಂದ್ರ, ಮೂರು ವರ್ಷಕ್ಕೊಮ್ಮೆ ಹೆಚ್ಚಿಗೆ ಬರೋ ಅಧಿಕಮಾಸನೂ ಅಲ್ಲೇ ತಿರುಗಿ ಬರೂದಿಲ್ಲರಿ. ಅಧಿಕ ಜ್ಯೇಷ್ಠ ಬಂದದ್ದು ಈ ವರ್ಷ. ಹೋದ ತಿಂಗಳು. ನಲವತ್ತೇಳರಾಗ ಬಂದದ್ದು ಅಧಿಕ ಶ್ರಾವಣ. ಮಲಮಾಸದಾಗ ಸ್ವಾತಂತ್ರ್ಯ ತಗೊಂಡ್ರಲ್ಲ ಅಂತ ನಮ್ಮಪ್ಪ ಸಾಯೂತನಕ ಗೊಣಗತಿದ್ದ." ಅವನು ಚೇತನಾಳ ಕೈಯಿಂದ ಹಳೇ ಪಂಚಾಂಗದ ನಕಲು ತೆಗೆದಿಟ್ಟ. "ಚಾಮರಾಜಪೇಟೆಯಿಂದ ತರಿಸೀನಿ, ನೋಡ್ಕೋರಿ. ನೀವು ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ಕೋತ ಬರದೀರಿ. ಸಂವತ್ಸರ ಒಂದೇ ಅಂದ್ಮ್ಯಾಲ ತಿಥಿನೂ ಒಂದೇ ಅಂತ ತಿಳದೀರಿ. ಅದೂ ಅಲ್ದ, ಅಧಿಕಮಾಸದಾಗ ಯಾವ ಹಿರ್ಯಾನೂ ಕಲ್ಲು ನಿಲ್ಸಂಗಿಲ್ಲ."

"ನಾವು ನಿಲ್ಸಲ್ಲ," ರಾಮಕ್ಕ ಥಟ್ಟನೆ ಅಂದುಬಿಟ್ಟಳು. ಆಡಿದ ಮೇಲೆ ಆಡಬಾರದಿತ್ತೇನೋ ಎಂದು ಸೆರಗನ್ನು ಬಾಯಿಗೆ ಹಿಡಿದಳು.

"ನಿಮ್ಮ ಪುಸ್ತಿಕೆಯಾಗ ಆ ಬರಹ ನೋಡಿದ್ದ ಲಕ್ಷ್ಮೀಪತಿಗಳಿಗೂ ಇದು ಗೊತ್ತಾಗಿತ್ತು," ಏಕಾಂತಯ್ಯ ಮುಂದುವರಿಸಿದ. "ಅವ್ರ ತಂದಿ ಒಂದು ಕವರಿನ ಮ್ಯಾಲೂ ತಿಥಿ ಬರದವ್ರಲ್ಲ, ಎಲ್ಲಾ ಇಂಗ್ಲಿಷ್ ತಾರೀಖು. ಗಾಜು ಸಿಕ್ಕ ಕೂಡ್ಲೇ ನಿಮಗ ಫೋನ್ ಮಾಡಿದ್ರು. ನೀವು ಏಳಕ್ಕ ಹೋದ್ರಿ. ಅಧಿಕ ಹೇಗಯ್ಯಾ ಬರತ್ತೆ ಅಂತ ಅವ್ರು ಕೇಳಿದ್ದು ಪಕ್ಕದ ಮನಿಗೂ ಕೇಳ್ಸೇತಿ. ಕವರ್ ಕಸೀಲಿಕ್ಕೆ ಹೋಗಿ ಎದಿ ಅಂಗಿ ಹಿಡದು ದಬ್ಬಿದ್ರಿ. ಸ್ಟೌ ಹಚ್ಚಿ ಕವರ್ ಸುಟ್ರಿ. ಮುದುಕ ಆಗ ಸತ್ತಿದ್ದಿಲ್ಲ, ಮೇಷ್ಟ್ರ. ಡಾಕ್ಟರ್ ಬರದಾರ, ಒಂದು ತಾಸು ಜೀವ ಇತ್ತು."

ಇನ್ನು ಮೇಲೆ ಆ ಮನುಷ್ಯನಿಗೆ ಬಹುವಚನ ಬೇಡ. ಶ್ಯಾಮಸುಂದರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬೇಕು ಅಂತ ತಳ್ಳಲಿಲ್ಲ. ನಾಳೆ ನಾನೇ ಹೋಗಿ ತಹಶೀಲ್ದಾರ್‌ಗೆ ಹೇಳ್ತೀನಿ, ನಮ್ಮಪ್ಪನ ಹೆಸರಲ್ಲಿ ಸುಳ್ಳು ಬೇಡ ಅಂದ್ರು. ಪುಸ್ತಕ ಬರೆದಿದೀನಿ, ಪ್ರಮಾಣ ಮಾಡಿದೀನಿ, ಮಾನ ಹೋಗತ್ತೆ ಅಂದೆ. ಕೇಳಲಿಲ್ಲ. ನಾನು ಮಾಡಿದ್ದು ಇವಳಿಗೋಸ್ಕರ. ಕಲ್ಲು ನಿಜ, ಸಮಾಧಿ ನಿಜ. ಎಲ್ಲ ನಿಜ ಇದ್ದು ತಾರೀಖು ಮಾತ್ರ ಇರಲಿಲ್ಲ."

"ಕವರಿನ ಮೇಲೆ ಏನಿತ್ತು?" ಚೇತನಾ ಕೇಳಿದಳು.

ಅವನು ತಡವರಿಸಿದ. "1945, ಮಾರ್ಚ್ 25. ಹುಣಸೇಕಟ್ಟೆಪಾಳ್ಯದ ತಳವಾರರ ಸ್ಮಶಾನ, ವೀರಗಲ್ಲು."

ಲೆಕ್ಕ ಹಾಕಿದವಳು ರಾಮಕ್ಕ.

"ಅಂದ್ರೆ ನಮ್ದು ಇನ್ನೂ ಹಳೇದಾ, ಮೇಷ್ಟ್ರೇ?"

ಮುತ್ತುರಾಜನ ತಾತ ಕೊಳ್ಳುವುದಕ್ಕೆ ನಾಲ್ಕು ವರ್ಷ ಮುಂಚಿನ ತಾರೀಖು. ಫೋಟೋ ತೆಗೆದವರ ಕೈಬರಹದಲ್ಲೇ, ಅಸಲಿ ಕವರಿನ ಮೇಲೆ ಇತ್ತು. ಇನ್ನೊಂದು ತಿಂಗಳು ತಾಳಿದ್ದರೆ ಸತ್ಯವೇ ಸಾಕಾಗುತ್ತಿತ್ತು. ಆ ತಾಳ್ಮೆ ಇಲ್ಲದವನು ಸುಳ್ಳು ಬರೆದ. ಆಮೇಲೆ ಸುಳ್ಳಿನ ಮಾನ ಉಳಿಸಲು ಸತ್ಯವನ್ನೇ ಒಲೆಗೆ ಹಾಕಿದ. ಏಕಾಂತಯ್ಯನಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ.

* * *

ಚೇತನಾ ಒಂದು ದಿನವೆಲ್ಲ ರ‍್ಯಾಕಿನ ಮುಂದೆ ಕೂತಳು. ಅಕ್ಕಪಕ್ಕದ ಕವರುಗಳಿಂದಲಾದರೂ ತಾರೀಖಿನ ಸುಳಿವು ಸಿಗಬಹುದೆಂಬ ಆಸೆ. ಮುನ್ನೂರ ಹನ್ನೊಂದರ ಮೇಲೆ 1958 ಎಂದಿತ್ತು, ಮುನ್ನೂರ ಹದಿಮೂರರ ಮೇಲೆ 1939. ಮುದುಕರು ಜೋಡಿಸಿದ್ದು ಊರಿನ ಪ್ರಕಾರ, ವರ್ಷದ ಪ್ರಕಾರ ಅಲ್ಲ. ಗಾಜಿನ ಮೇಲೆ ಯಾವ ಬರಹವೂ ಇರಲಿಲ್ಲ.

ಉಳಿದದ್ದು ಶ್ಯಾಮಸುಂದರನ ಬಾಯಿಮಾತು. ಸುಳ್ಳು ದಾಖಲೆ ಬರೆದವನ, ಕೊಲೆ ಆರೋಪ ಹೊತ್ತವನ ಬಾಯಿಮಾತನ್ನು ಯಾರು ನಂಬುತ್ತಾರೆ?

ವರದಿ ಬರೆಯಲು ಕೂತಾಗ ಏಕಾಂತಯ್ಯನ ಪೆನ್ನು ನಿಂತಿತು. ಅತ್ತ ದರಿ, ಇತ್ತ ಪುಲಿ. ಫೋಟೋದ ಹಿಂದಿನ ಬರಹ ಸುಳ್ಳು ಎಂದು ಬರೆದರೆ ರಾಮಕ್ಕನ ಇಪ್ಪತ್ತೆರಡು ಗುಂಟೆ ಹೋಗುತ್ತದೆ. ಬರೆಯದಿದ್ದರೆ ಕೊಲೆಗೆ ಕಾರಣವೇ ಇಲ್ಲ, ಆರೋಪಿ ಎದ್ದು ಮನೆಗೆ ಹೋಗುತ್ತಾನೆ. ನಮ್ಮಪ್ಪನ ಹೆಸರಲ್ಲಿ ಸುಳ್ಳು ಬೇಡ ಎಂದದ್ದಕ್ಕೆ ಸತ್ತ ಮುದುಕರೂ ಲೆಕ್ಕಕ್ಕಿಲ್ಲದ ಹಾಗಾಗುತ್ತದೆ. ಕೊನೆಗೆ ಬರೆದ. ಇನ್ಸ್‌ಪೆಕ್ಟರ್ ಬೆನ್ನು ತಟ್ಟಿದರು.

ಜುಲೈ ಇಪ್ಪತ್ತಾರು, ಗುರುವಾರ, ತಹಶೀಲ್ದಾರರ ಕಚೇರಿ. ಮುತ್ತುರಾಜನ ವಕೀಲ ಎದ್ದು ಏಕಾಂತಯ್ಯನ ವರದಿಯನ್ನೇ ಗಟ್ಟಿಯಾಗಿ ಓದಿದ. ಕಾಲು ಗಂಟೆಯಲ್ಲಿ ಮುಗಿಯಿತು. ಫೋಟೋ ನಂಬಲರ್ಹವಲ್ಲ, ಅರ್ಜಿ ವಜಾ. ಕಲ್ಲನ್ನೂ ಅಸ್ಥಿ ಸಿಕ್ಕರೆ ಅದನ್ನೂ ಸೋಮವಾರದೊಳಗೆ ಸಾಗಿಸಿಕೊಳ್ಳಲು ಅವಕಾಶ ಕೊಟ್ಟರು. ಹೊರಗೆ ಬಂದ ಮುತ್ತುರಾಜ ಕೈ ಮುಗಿದ. "ಥ್ಯಾಂಕ್ಸ್ ಸಾರ್. ನಿಮ್ಮಿಂದ ಆಯ್ತು." ಏಕಾಂತಯ್ಯ ಮುಖ ತಿರುಗಿಸಿಕೊಂಡ.

ರಾಮಕ್ಕ ಕಾಂಪೌಂಡಿನ ಹೊರಗೆ ಬಸ್‌ಸ್ಟಾಪಿನ ಹತ್ತಿರ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡು ಅವನು ಹತ್ತಿರ ಹೋದ. ಬೈಸಿಕೊಳ್ಳಲು ತಯಾರಾಗಿಯೇ ಹೋದ.

"ಕಲ್ಲು ಸುಳ್ಳು ಹೇಳ್ಲಿಲ್ಲ ಸಾರ್," ಅಂದಳು ಅವಳು.

"ಗೊತ್ತದ ಅಮ್ಮ."

"ನಿಮಗೂ ಗೊತ್ತು, ನಂಗೂ ಗೊತ್ತು, ಆ ಮುತ್ತುರಾಜಂಗೂ ಗೊತ್ತು." ಅವಳು ಬಸ್ಸು ಬರುವ ದಿಕ್ಕಿಗೆ ಕಣ್ಣು ಹಾಯಿಸಿದಳು. "ಸೋಮವಾರ ಜೇಸಿಬಿ ಬರ್ತದಂತೆ. ಅಷ್ಟ್ರಲ್ಲಿ ನಾವೇ ಎತ್ಕೋಬೇಕು. ನೀವು ಅಯ್ನೋರು. ದಿನ, ತಿಥಿ ಎಲ್ಲ ಬಲ್ಲೋರು. ಕಲ್ಲು ಕೀಳಕ್ಕೆ, ನನ್ ಮಗಳನ್ನ ಎತ್ತಕ್ಕೆ ಒಂದು ಒಳ್ಳೆ ದಿನ ನೋಡಿ ಹೇಳಿ."

ಶುಕ್ರವಾರ, ಶನಿವಾರ, ಭಾನುವಾರ. ಇದ್ದದ್ದು ಮೂರು ದಿನ. ಆಷಾಢ ಬೇರೆ. ಶನಿವಾರವಂತೂ ಚತುರ್ದಶಿ. ಅವನಪ್ಪ ಬದುಕಿದ್ದರೆ ಅಂಥ ದಿನ ಹೊಸ ಚಪ್ಪಲಿ ಮೆಟ್ಟುವುದಕ್ಕೂ ಹೂಂ ಅನ್ನುತ್ತಿರಲಿಲ್ಲ. ಮೂರರಲ್ಲಿ ಒಂದೂ ಒಳ್ಳೆಯ ದಿನವಾಗಿರಲಿಲ್ಲ. ಹಾಗೆಂದು ಹೇಳಿದರೆ ಅವಳು ಕಲ್ಲು ಮುಟ್ಟುವುದಿಲ್ಲ, ಸೋಮವಾರ ಜೇಸಿಬಿ ಮುಟ್ಟುತ್ತದೆ. ತಾರೀಖು ಸುಳ್ಳು ಬರೆದವನನ್ನು ಅವನೇ ಕೈಯಾರೆ ಜೈಲಿಗೆ ಕಳಿಸಿ ನಾಲ್ಕು ವಾರವಾಗಿತ್ತು.

"ಶನಿವಾರ ಛಲೋ ಅದ ಅಮ್ಮ," ಅಂದ ಏಕಾಂತಯ್ಯ. "ಮುಂಜಾನೆ ಆರರಿಂದ ಏಳೂವರಿ. ಭಾಳ ಛಲೋ ಮುಹೂರ್ತ."

ರಾಮಕ್ಕ ಮರೆಯದಿರಲೆಂದು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಕೆಂಗೇರಿ ಬಸ್ಸು ಬಂತು. ಅವನಿಗೆ ಕೈ ಮುಗಿದು ಹತ್ತಿದಳು.